ಹಳೇ ಟೌನ್‌ಹಾಲ್‌ನ ವಯಸ್ಸು: ಅಡಿಗಲ್ಲನ್ನು ನಂಬೋದಾ, ಕಡತವನ್ನಾ?

ಪ್ರಶ್ನೆ:
ಹಳ್ಳಿಗಾಡಿನ ಒಂದು ಇಟ್ಟಿಗೆ ಟೌನ್‌ಹಾಲ್. ಅಡಿಗಲ್ಲಿನ ಇಸವಿಗೂ ನಡಾವಳಿ ಪುಸ್ತಕದ ಇಸವಿಗೂ ಎಂಟು ವರ್ಷದ ಅಂತರ. ವೇದಿಕೆಯಿರುವ ಹಿಂಭಾಗ ಮೂಲದ್ದೋ, ಆಮೇಲೆ ಸೇರಿಸಿದ್ದೋ ತಿಳಿಯುತ್ತಿಲ್ಲ. ಏನನ್ನೂ ಒಡೆಯದೆ ಪತ್ತೆ ಮಾಡುವುದು ಹೇಗೆ?

ಉತ್ತರ 1:
ಅಡಿಗಲ್ಲು ಹೇಳುವುದು ಕೆಲಸ ಶುರುವಾದ ದಿನ, ಅಷ್ಟೇ. ನಡಾವಳಿಯಲ್ಲೂ ನಿರ್ಣಯಗಳನ್ನು ಬಿಟ್ಟು ಪಾವತಿಗಳನ್ನು ನೋಡಿ. ಹೆಂಚು, ಕಿಟಕಿ ಗಾಜಿನ ಬಿಲ್ ಸಿಕ್ಕರೆ ಚಾವಣಿ ಯಾವಾಗ ಏರಿತೆಂದು ಗೊತ್ತಾಗುತ್ತದೆ.

ಆಮೇಲೆ ಅಟ್ಟ ಹತ್ತಿ. ಸುಣ್ಣಬಣ್ಣ ಮುಟ್ಟದ ಜಾಗ ಅದೊಂದೇ. ತೊಲೆಗೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ: ಗರಗಸದ ಗೆರೆ ಬಿಲ್ಲಿನಂತೆ ಬಾಗಿದ್ದರೆ ಚಕ್ರಗರಗಸ, ನೇರವಾಗಿದ್ದು ಅಂತರ ಹೆಚ್ಚುಕಮ್ಮಿ ಇದ್ದರೆ ಕೈಗರಗಸ. ಮೊಳೆಯೂ ಮಾತಾಡುತ್ತದೆ. ನಾಲ್ಕೂ ಬದಿ ಚೂಪಾಗುತ್ತ ಹೋದರೆ ಕಮ್ಮಾರ ಬಡಿದದ್ದು, ಎರಡೇ ಬದಿ ಚೂಪಾದರೆ ಯಂತ್ರದಲ್ಲಿ ಕತ್ತರಿಸಿದ್ದು, ದುಂಡಗಿದ್ದರೆ ತಂತಿ ಮೊಳೆ. ಅಮೆರಿಕದಲ್ಲಿ ತಂತಿ ಮೊಳೆ ಮೇಲುಗೈ ಪಡೆದದ್ದು 1890ರ ದಶಕದಲ್ಲಿ. ಬೇರೆಡೆ ಈ ಲೆಕ್ಕ ಹಿಂದೆಮುಂದೆ ಆಗುತ್ತದೆ.

ಉತ್ತರ 2:
ಒಂದು ಮೊಳೆ ನೋಡಿ ಇಸವಿ ಬರೆದುಬಿಡಬೇಡಿ, ರಿಪೇರಿಯಲ್ಲಿ ಹೊಡೆದದ್ದೂ ಇರುತ್ತದೆ. ಹತ್ತಾರು ಕಡೆ ಒಂದೇ ಜಾತಿ ಸಿಗಬೇಕು. ತೊಲೆಯಲ್ಲಿ ಯಾವುದಕ್ಕೂ ಕೂಡದ ಖಾಲಿ ತೂತುಗಳಿದ್ದರೆ ಆ ಮರ ಬೇರೆ ಕಟ್ಟಡದಿಂದ ಬಂದಿರಬಹುದು. ಮರದ ಉಂಗುರ ಎಣಿಸುವವರನ್ನು ಕರೆಸುವುದಾದರೂ ತೊಗಟೆಯಂಚು ಉಳಿದಿರುವ ತೊಲೆಯನ್ನೇ ತೋರಿಸಿ. ಅದಿಲ್ಲದೆ ಕಡಿದ ವರ್ಷ ನಿಖರವಾಗಿ ಸಿಗದು.

ಉತ್ತರ 3:
ವೇದಿಕೆಯ ವಿಷಯಕ್ಕೆ ಹೊರಗೋಡೆ ಸಾಕು. ಎರಡೂ ಭಾಗದ ಇಟ್ಟಿಗೆ ವರಸೆಗಳು ಒಂದಕ್ಕೊಂದು ಹಲ್ಲು ಕಚ್ಚಿದ್ದರೆ ಒಟ್ಟಿಗೆ ಎದ್ದ ಗೋಡೆ. ಮೇಲಿಂದ ಕೆಳಗೆ ಒಂದೇ ನೇರ ಸಂದಿದ್ದರೆ ಹಿಂಭಾಗ ಬೇರೆ ಕಾಲದ್ದು. ಗಾರೆಯನ್ನು ಕೀಲಿಕೈಯಿಂದ ಕೆರೆದು ನೋಡಿ: ಸುಣ್ಣದ್ದು ಪುಡಿಯಾಗುತ್ತದೆ, ಸಿಮೆಂಟು ಜಗ್ಗುವುದಿಲ್ಲ. ಆದರೆ ಮೇಲ್ಪದರದ ಸಿಮೆಂಟು ನಂತರದ ತೇಪೆಯಿರಬಹುದು, ಉದುರಿದ ಸಂದಿನ ಒಳಗೆ ನೋಡಿ. ಅಂಥ ತೇಪೆ ಇದ್ದಲ್ಲಿ ತೇವ ಗಾರೆಯ ಮೂಲಕ ಹೊರಬರಲಾಗದೆ ಇಟ್ಟಿಗೆಯ ಮುಖವೇ ಚಕ್ಕೆ ಏಳುತ್ತದೆ. ಹೊಸದಾಗಿ ಮತ್ತೆ ಹಾಕಿಸಬೇಡಿ!

ಪ್ರಶ್ನೆ ಕೇಳಿದವರು:
ನೋಡಿದೆ. ಗೋಡೆಯಲ್ಲಿ ನೇರ ಸಂದಿದೆ, ಆದರೆ ತಳಪಾಯದ ಕಲ್ಲುಗಳು ಕಚ್ಚಿಕೊಂಡೇ ಇವೆ.

ಉತ್ತರ 3:
ಹಾಗಾದರೆ ಪಾಯ ಪೂರ್ತಿ ಒಟ್ಟಿಗೆ ಹಾಕಿ, ಹಿಂದಿನ ಗೋಡೆ ಎತ್ತುವ ಮೊದಲೇ ನಿಲ್ಲಿಸಿದಂತಿದೆ. ಆ ಎಂಟು ವರ್ಷದ ಪಾವತಿಗಳಲ್ಲಿ ಇಟ್ಟಿಗೆ ಎರಡನೇ ಸಲ ಯಾವಾಗ ಬಂತೆಂದು ಹುಡುಕಿ.