ಅಪ್‌ಡೇಟ್: ಹೊಸ ಬಲ್ಬ್ ಹಾಕಿದರೂ ಉರಿಯದಿದ್ದ ಹೆಡ್‌ಲೈಟ್ ಈಗ ಸರಿಯಾಗಿದೆ

ಕಾರಿನ ಎಡಗಡೆ ಹೆಡ್‌ಲೈಟಿನ ಲೋ ಬೀಮ್ (ಹತ್ತಿರದ ರಸ್ತೆಗೆ ಬೀಳುವ ಬೆಳಕು) ಹೋಗಿದೆ, ಹೊಸ ಎಚ್4 ಬಲ್ಬ್ ಹಾಕಿದರೂ ಉರಿಯುತ್ತಿಲ್ಲ, ಹೈ ಬೀಮ್ ಮಾತ್ರ ಬರುತ್ತಿದೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಫ್ಯೂಸ್ ನೋಡಿ ಅಂದಿದ್ದಿರಿ, ಅದು ಚೆನ್ನಾಗಿಯೇ ಇತ್ತು. ರಿಲೇ (ಲೈಟಿಗೆ ಕರೆಂಟ್ ಹಾಯಿಸುವ ಸ್ವಿಚ್) ಬದಲಿಸಿದರೂ ಪ್ರಯೋಜನ ಆಗಲಿಲ್ಲ. ಬಲಗಡೆ ಲೋ ಬೀಮ್ ಸರಿಯಾಗಿ ಉರಿಯುತ್ತಿತ್ತಲ್ವಾ, ಹಾಗಾಗಿ ರಿಲೇ ಮೇಲೆ ನನಗೆ ಮೊದಲೇ ಅನುಮಾನ ಇರಲಿಲ್ಲ. ಕೆಲಸಕ್ಕೆ ಬಂದದ್ದು ಬಲ್ಬಿನ ಹಿಂದಿನ ಕನೆಕ್ಟರ್ ಬಿಚ್ಚಿ ನೋಡಿ ಅಂದವರ ಮಾತು. ಒಳಗೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು, ಟರ್ಮಿನಲ್ (ಕರೆಂಟ್ ದಾಟಿಸುವ ಲೋಹದ ತುದಿ) ಸಡಿಲವಾಗಿ ಬಲ್ಬಿಗೆ ತಾಗುತ್ತಲೇ ಇರಲಿಲ್ಲ. ಬ್ಯಾಟರಿಯ ನೆಗೆಟಿವ್ ತೆಗೆದು, ಸೆರಾಮಿಕ್ ಕನೆಕ್ಟರ್ ಹಾಕಿಸಿದೆ. ತಕ್ಷಣ ಬೆಳಕು ಬಂತು!

ಹೊಸದಾಗಿ ಗೊತ್ತಾದದ್ದು: ಎಚ್4 ಬಲ್ಬಿನೊಳಗೆ ಎರಡು ಫಿಲಮೆಂಟ್ ಇರುತ್ತವೆ, ಲೋಗೆ 55 ವ್ಯಾಟ್, ಹೈಗೆ 60 ವ್ಯಾಟ್. ಅದಕ್ಕೇ ಒಂದು ಹೋದರೂ ಇನ್ನೊಂದು ಉರಿಯುತ್ತದೆ. ಪಿನ್ ಸಡಿಲ ಇದ್ದರೆ ಅಲ್ಲಿ ಶಾಖ ಜಾಸ್ತಿ ಆಗುತ್ತದೆ, ಶಾಖಕ್ಕೆ ಅದು ಇನ್ನೂ ಸಡಿಲವಾಗುತ್ತದೆ. ಇದೇ ತೊಂದರೆ ಇರುವವರು ಸುಮ್ನೆ ಇನ್ನೊಂದು ಬಲ್ಬ್ ತರುವ ಮೊದಲು ಕನೆಕ್ಟರ್ ನೋಡಿ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಅಂಟಿದರೆ ಬಲ್ಬ್ ಬೇಗ ಹೋಗುತ್ತದೆ. ಹಿಂದಿನ ರಬ್ಬರ್ ಕವರ್ ಕೂಡ ಪೂರ್ತಿ ಕೂರಿಸಿ, ಇಲ್ಲದಿದ್ದರೆ ಒಳಗೆ ತೇವ ಸೇರುತ್ತದೆ.