ಹಿತ್ತಲಿಗೆ 300 ವ್ಯಾಟ್

ಗುಂಪು: ಶಾಂತಳ್ಳಿ ಮನೆಯವರು

ಮೋಹನ ಭಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಕರೆಂಟ್ ಬಿಲ್ಲಿಗೆ ವಿದಾಯ!! ಪಿಎಂ ಸೂರ್ಯಘರ್ ಯೋಜನೆಯಡಿ ಹಿತ್ತಲ ಸೋಲಾರ್ ದೀಪ. 300 ವ್ಯಾಟ್. ಮಳೆಗಾಲದಲ್ಲೂ ರಾತ್ರಿಯಿಡೀ ಬೆಳಕು. ಇವತ್ತು ಮಾತ್ರ ₹1,499. 10 ಜನರಿಗೆ ಕಳಿಸಿ.

ಮೋಹನ ಭಾವ: ನಾನು ಹೋದ ವರ್ಷವೇ ಹೇಳಿದ್ದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಕೊಟ್ಟಿಗೆ ದಾರಿಗೊಂದು, ಕಣಕ್ಕೊಂದು. ಮುಗೀತು.

ಜಯಮ್ಮತ್ತೆ: ಹಾಕ್ಸಿ ಮಾರಾಯ್ರೆ. ಇಲ್ಲಿ ಮೂರು ದಿನದಿಂದ ಕರೆಂಟಿಲ್ಲ. ಬಚ್ಚಲಿಗೆ ಹೋಗೋಕೂ ಟಾರ್ಚ್ ಬೇಕು.

ದಿನೇಶ: ಭಾವ, ಇದು ಎಲ್ಲಿಂದ ಬಂತು? ಸೂರ್ಯಘರ್ 2024ರ ಫೆಬ್ರವರಿಯಲ್ಲಿ ಬಂದಿದ್ದು ಮಾಡಿನ ಮೇಲೆ ಹಾಕಿ ಲೈನಿಗೆ ಸೇರಿಸೋ ಪ್ಯಾನೆಲ್‌ಗೆ. 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000, 3 ಕಿಲೋವ್ಯಾಟ್ ಮತ್ತು ಮೇಲಿದ್ದರೆ ಒಟ್ಟು 78,000 ಸಬ್ಸಿಡಿ. ಹಿತ್ತಲ ದೀಪ ಅದರಲ್ಲಿ ಬರೋದೇ ಇಲ್ಲ. ಅಲ್ಲದೆ ಆ ಥರದ ಲೈನಿಗೆ ಸೇರಿಸಿದ ಸೋಲಾರ್, ಬ್ಯಾಟರಿ ಇಲ್ಲದಿದ್ದರೆ, ಕರೆಂಟ್ ಹೋದ ತಕ್ಷಣ ತಾನೂ ಆಫ್ ಆಗುತ್ತೆ. ಕಂಬದ ಮೇಲೆ ಕೆಲಸ ಮಾಡೋ ಲೈನ್‌ಮ್ಯಾನ್‌ಗೆ ಶಾಕ್ ಹೊಡೀಬಾರದು ಅಂತ.

ಮೋಹನ ಭಾವ: ಬಂತು ನೋಡಿ ಮೂಲ ಕೇಳೋರು. ಮದುವೆ ಊಟದ ಮೆನುಗೂ ಮೂಲ ಕೇಳಿದ್ದ ಇವನು.

ದಿನೇಶ: ಆ ಫಾರ್ವರ್ಡ್ ಜೊತೆ ಬಂದ ಚಿತ್ರದಲ್ಲಿ ಪ್ಯಾನೆಲ್ ಹಿಡಿದ ಕೈ ಇದೆ ನೋಡಿ. ಹೆಚ್ಚಂದ್ರೆ 35 ಸೆಂ.ಮೀ. ಉದ್ದ, 25 ಅಗಲ. ನೆತ್ತಿ ಸುಡೋ ಬಿಸಿಲಲ್ಲಿ ಒಂದು ಚದರ ಮೀಟರಿಗೆ 1000 ವ್ಯಾಟ್ ಬೀಳುತ್ತೆ, ಒಳ್ಳೆ ಪ್ಯಾನೆಲ್ ಅದರಲ್ಲಿ ಶೇ. 20 ಹಿಡಿಯುತ್ತೆ. ಅಷ್ಟು ಜಾಗಕ್ಕೆ 17 ವ್ಯಾಟ್. 300 ಬೇಕಂದ್ರೆ ಪ್ಯಾನೆಲ್ ಬಾಗಿಲಿನಷ್ಟಿರಬೇಕು.

ದೊಡ್ಡಪ್ಪ: ದಿನೇಶ, ಮನೆ ಅಳಿಯನ ಜೊತೆ ಮಾತಾಡೋ ರೀತಿಯಾ ಇದು? ಬುಡ್ಡಿ ದೀಪದಲ್ಲಿ ಓದಿದವರು ನಾವು. ಈಗ ಹಿತ್ತಲಿಗೂ ಹಗಲಿನ ಬೆಳಕು ಬೇಕು ನಿಮಗೆ.

ಲೋಹಿತ್: ದೊಡ್ಡಪ್ಪಾ, ಬುಡ್ಡಿ ಬಿಡಿ, ಆ ಪೆಟ್ರೋಮ್ಯಾಕ್ಸ್! ಹುತ್ತರಿ ರಾತ್ರಿ ಗದ್ದೆಗೆ ಹೋಗುವಾಗ ಹಿಡ್ಕೊಳ್ಳೋಕೆ ಜಗಳ. ಮ್ಯಾಂಟಲ್ ಉದುರಿಸಿದ್ದು ಯಾರು ಅಂತ ಇವತ್ತಿಗೂ ಇತ್ಯರ್ಥ ಆಗಿಲ್ಲ.

ಮೋಹನ ಭಾವ: ಗುಂಪಿಗೆಲ್ಲ ಗೊತ್ತು ಯಾರು ಅಂತ.

ದಿನೇಶ: ಮ್ಯಾಂಟಲ್‌ಗೂ ಇದಕ್ಕೂ ಏನು ಸಂಬಂಧ?

ಕಾವ್ಯ: ಅಪ್ಪಾ, ವ್ಯಾಟ್ ಬಿಡಿ. ಒಂದು ರಾತ್ರಿಗೆ ಎಷ್ಟು ಬೇಕು ಅಂತ ಮೊದಲು ಲೆಕ್ಕ ಹಾಕಿ. ಬಚ್ಚಲಿಗೆ, ಕೊಟ್ಟಿಗೆ ತಿರುವಿಗೆ 3 ವ್ಯಾಟಿನ ಎಲ್ಇಡಿ ಒಂದೊಂದು, 11 ಗಂಟೆ ಉರಿದರೆ 66 ವ್ಯಾಟ್-ಅವರ್. ಕಣದ ಎರಡು ಕಡೆ 10 ವ್ಯಾಟಿನದು, ಆದರೆ ಸೆನ್ಸರ್ ಇರೋದು. ಆಳು ಓಡಾಡಿದಾಗ ಮಾತ್ರ ಹತ್ತೋದ್ರಿಂದ ರಾತ್ರಿಗೆ ಅರ್ಧ ಗಂಟೆ, 10 ವ್ಯಾಟ್-ಅವರ್. ಒಟ್ಟು 80ರ ಒಳಗೆ. 12.8 ವೋಲ್ಟ್, 20 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 256 ಇರುತ್ತೆ, ಶೇ. 80 ಬಳಸಿದರೆ ಎರಡೂವರೆ ರಾತ್ರಿ. ಹಳೇ ಲೆಡ್ ಬ್ಯಾಟರಿಯಾದ್ರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಬೇಗ ಸಾಯುತ್ತೆ. ಬಲ್ಬ್ ಹಳದಿ ಬೆಳಕಿನದು ತಗೊಳ್ಳಿ, ಬಿಳಿದಕ್ಕೆ ಮೊದಲ ಮಳೆಗೆ ರೆಕ್ಕೆ ಗೆದ್ದಲು ಜಾಸ್ತಿ ಮುತ್ತುತ್ತೆ.

ಮೋಹನ ಭಾವ: ನೀನೂ ಮಾವನ ಪಾರ್ಟಿಯಾ?

ಕಾವ್ಯ: ಪ್ಯಾನೆಲ್ 50 ವ್ಯಾಟ್, 36 ಸೆಲ್ಲಿನದು. ಮಾರ್ಚ್‌ನಲ್ಲಿ 5 ಗಂಟೆ ಪೂರ್ತಿ ಬಿಸಿಲು, ನಷ್ಟ ಕಳೆದು 175 ವ್ಯಾಟ್-ಅವರ್, ಸಾಕಾಗಿ ಮಿಗುತ್ತೆ. ಜುಲೈ ಮಂಜಿಗೆ ಒಂದೂವರೆ ಗಂಟೆ ಹಿಡೀರಿ, 50 ಬಂದ್ರೆ ಪುಣ್ಯ. ಬೆಳಕು ಬೇಕಾಗೋದು ಮಳೆಗಾಲದಲ್ಲಿ, ಸೋಲಾರ್ ಕೈಕೊಡೋದೂ ಆಗಲೇ. ಅದಕ್ಕೆ ಪ್ಯಾನೆಲ್ ದೊಡ್ಡದು ಮಾಡೋ ಬದಲು ಒಂದು 14.6 ವೋಲ್ಟ್, 5 ಆಂಪಿಯರ್ ಚಾರ್ಜರ್ ಇಟ್ಕೊಳ್ಳಿ. ಕರೆಂಟ್ ಬಂದಾಗ ನಾಲ್ಕು ಗಂಟೆ ಸಿಕ್ಕಿದ್ರೂ ಬ್ಯಾಟರಿ ತುಂಬುತ್ತೆ.

ಜಯಮ್ಮತ್ತೆ: ಬಿಲ್ಲೇ ಬರ್ತಿಲ್ವಲ್ಲ ಈಗ, ಸೊನ್ನೆ.

ಕಾವ್ಯ: ಅದೇ ಹೇಳ್ತಿರೋದು ಅಜ್ಜಿ. ಗೃಹಜ್ಯೋತಿ 2023ರ ಜುಲೈಯಿಂದ ಇದೆ. 9 ವ್ಯಾಟಿನ ನಾಲ್ಕು ಬಲ್ಬು ದಿನಾ 10 ಗಂಟೆ ಉರಿಸಿದರೂ ತಿಂಗಳಿಗೆ 11 ಯೂನಿಟ್. ಬಿಲ್ ಉಳಿಸೋಕೆ ಅಂತ ಸೋಲಾರ್ ದೀಪ ಬೇಡವೇ ಬೇಡ. ಕರೆಂಟ್ ಹೋದಾಗ ಬೇಕು, ಅಷ್ಟೆ.

ಲೋಹಿತ್: ಸೋಲಾರ್ ಬೇಲಿ ಬ್ಯಾಟರಿ ಇದೆಯಲ್ಲ, 12 ವೋಲ್ಟು. ಅದರಿಂದಲೇ ಎರಡು ಬಲ್ಬ್ ಎಳೆದರಾಯ್ತು.

ದಿನೇಶ: ಬೇಡ!! ರಾತ್ರಿ ಬಲ್ಬ್ ಉರಿದು ಬೆಳಗಿನ ಜಾವಕ್ಕೆ ಬ್ಯಾಟರಿ ಇಳಿದರೆ ಬೇಲಿಯ ಹೊಡೆತವೂ ಇಳಿಯುತ್ತೆ. ಆನೆ ತಂತಿ ಮುಟ್ಟಿ ನೋಡೋದು ಅದೇ ಹೊತ್ತಿಗೆ. ಒಮ್ಮೆ ಶಾಕ್ ಇಲ್ಲ ಅಂತ ಗೊತ್ತಾದ್ರೆ ಆಮೇಲೆ ಬೇಲಿ ಇದ್ದೂ ಇಲ್ಲದ ಹಾಗೆ.

ದೊಡ್ಡಪ್ಪ: ಬೇಲಿ ಮಾತು ಬಂತಲ್ಲ, ಪಾಲು ಕೊಡಬೇಕಾದವರು ಇನ್ನೂ ಕೊಟ್ಟಿಲ್ಲ. ಹೆಸರು ಹೇಳೋದಿಲ್ಲ.

ದಿನೇಶ: ದೊಡ್ಡಪ್ಪ, ಅರ್ಧ ಕೊಟ್ಟಿದ್ದೇನೆ.

ಮೋಹನ ಭಾವ: 😀

ದಿನೇಶ: ಭಾವ, ನಗೋ ಮೊದಲು ಕೇಳಿ. ಗಡಿಯಲ್ಲಿ ನೀವು ನೆಡಿಸಿದ ಸಿಲ್ವರ್ ಓಕ್ ಸಾಲು ಇದೆಯಲ್ಲ, ಅದು ಮನೆಯ ಉತ್ತರಕ್ಕಿದೆ. ನಮ್ಮೂರಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರ್ತಾನೆ. ದಕ್ಷಿಣ ಖಾಲಿ ಇದೆ ಅಂತ ಮಾತ್ರ ನೋಡಿ ಪ್ಯಾನೆಲ್ ಇಟ್ಟರೆ ಮಳೆಗಾಲದಲ್ಲಿ ಸಿಗೋ ಚೂರು ಬಿಸಿಲಿಗೂ ಮರದ ನೆರಳು ಅಡ್ಡ. ಒಂದೇ ಒಂದು ಸೆಲ್ ಮೇಲೆ ಕೊಂಬೆ ನೆರಳು ಬಿದ್ದರೂ ಸಾಲಿನ ಉಳಿದ ಸೆಲ್ಲುಗಳ ಕರೆಂಟೂ ಕುಗ್ಗುತ್ತೆ.

ಮೋಹನ ಭಾವ: ಆ ಮರ ಮಾರೋಣ ಅಂದಾಗ ಬೇಡ ಅಂದವರು ಯಾರು?

ದೊಡ್ಡಪ್ಪ: ಮರ ಮಾರೋ ವಿಷಯ ಈ ಗುಂಪಲ್ಲಿ ಬೇಡ. 🙏

ಲೋಹಿತ್: ತೋಡಲ್ಲಿ ಏಡಿ ಹಿಡೀತಿದ್ವಿ ಆ ಮರದ ಕೆಳಗೆ...

ಕಾವ್ಯ: ಲೋಹಿತ್ ಮಾವ, ಏಡಿ ಬಿಡಿ, ತೋಡು ಒಳ್ಳೆ ಮಾತು. ಸೆಕೆಂಡಿಗೆ 1 ಲೀಟರ್ ನೀರು, ನೇರ ಎತ್ತರದಲ್ಲಿ 10 ಮೀಟರ್ ಇಳಿತ ಸಿಕ್ಕಿದರೆ 98 ವ್ಯಾಟ್, ಚಕ್ರ-ಡೈನಮೋ ನಷ್ಟ ಕಳೆದು 40 ಆದ್ರೂ ಕೈಗೆ ಬರುತ್ತೆ. ಅದು ಹಗಲೂ ರಾತ್ರಿ, ಅದೂ ಸೋಲಾರ್ ಮಲಗೋ ಮಳೆಗಾಲದಲ್ಲೇ. ಆದರೆ ಎಲೆ ಕಟ್ಟಿಕೊಳ್ಳುತ್ತೆ, ಪೈಪಿನ ಬಾಯಿಯ ಜಾಳಿ ದಿನಾ ಬಿಡಿಸಬೇಕು. ಬಲ್ಬೆಲ್ಲ ಆರಿಸಿದರೆ ಚಕ್ರ ಹುಚ್ಚು ವೇಗಕ್ಕೆ ಹೋಗುತ್ತೆ, ಮಿಕ್ಕ ಕರೆಂಟ್ ತಿನ್ನೋಕೆ ಒಂದು ಹೀಟರ್ ಕಾಯಂ ಇರಬೇಕು.

ಜಯಮ್ಮತ್ತೆ: ದಿನಾ ಜಾಳಿ ಬಿಡಿಸೋರು ಯಾರು? ನಾನಾ?

ದಿನೇಶ: ಅತ್ತೆ, ಕಾವ್ಯ ಹೇಳಿದ ಬ್ಯಾಟರಿ ಲೆಕ್ಕವೇ ಸರಿ. ಕೊಟ್ಟಿಗೆಗೆ 40 ಮೀಟರ್ ದೂರ ಇದೆ, ಅಲ್ಲೇ ಎಲ್ಲರೂ ಎಡವೋದು. 1.5 ಚದರ ಎಂಎಂ ವೈರಲ್ಲಿ 20 ವ್ಯಾಟ್ ಕಳಿಸಿದರೆ ಹೋಗಿ ಬರುವ 80 ಮೀಟರಲ್ಲಿ ಒಂದೂವರೆ ವೋಲ್ಟ್ ಮಾಯ. 12ರಲ್ಲಿ ಅದು ದೊಡ್ಡದು, ದೀಪ ಮಂಕಾಗುತ್ತೆ, ಸೆನ್ಸರ್ ಹುಚ್ಚಾಟ ಆಡುತ್ತೆ. 4 ಚದರ ಎಂಎಂ ಹಾಕಿದರೆ ಮುಕ್ಕಾಲು ವೋಲ್ಟೂ ಹೋಗಲ್ಲ. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಫ್ಯೂಸ್. ಕಂಟ್ರೋಲರಿಗೆ (ಪ್ಯಾನೆಲ್‌ನಿಂದ ಬ್ಯಾಟರಿ ಚಾರ್ಜ್ ಆಗೋದನ್ನು ಹತೋಟಿಯಲ್ಲಿಡೋ ಪೆಟ್ಟಿಗೆ) ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ದೀಪ, ಬಿಚ್ಚುವಾಗ ಉಲ್ಟಾ. ಕಂಟ್ರೋಲರನ್ನು ಲೆಡ್ ಸೆಟ್ಟಿಂಗಲ್ಲೇ ಬಿಟ್ಟರೆ ವೋಲ್ಟೇಜ್ ಮೇಲೇರಿ ಲಿಥಿಯಂ ಬ್ಯಾಟರಿ ತನ್ನನ್ನು ತಾನೇ ಕಟ್ ಮಾಡ್ಕೊಳ್ಳುತ್ತೆ, ಜನ ಬ್ಯಾಟರಿ ಕೆಟ್ಟಿದೆ ಅಂತ ಬೈತಾರೆ. ಪೆಟ್ಟಿಗೆಗೆ ವೈರ್ ಕೆಳಗಿಂದ ಹೋಗಲಿ, ಹೋಗೋ ಮೊದಲು ಸ್ವಲ್ಪ ಜೋತು ಬೀಳಲಿ, ನೀರು ಅಲ್ಲೇ ತೊಟ್ಟಿಕ್ಕುತ್ತೆ. ತೂತು ಪೂರ್ತಿ ಮುಚ್ಚಿ, ಇಲ್ಲದಿದ್ರೆ ಇರುವೆ ಗೂಡು. ಪ್ಯಾನೆಲ್ 15 ಡಿಗ್ರಿ ದಕ್ಷಿಣಕ್ಕೆ ವಾಲಲಿ, ಮಟ್ಟವಾಗಿಟ್ಟರೆ ಕೆಳ ಅಂಚಲ್ಲಿ ಪಾಚಿ ಕಟ್ಟುತ್ತೆ.

ಜಯಮ್ಮತ್ತೆ: ಇಷ್ಟುದ್ದ ಯಾರು ಓದ್ತಾರೆ. ಯಾರು ಬಂದು ಹಾಕಿಕೊಡ್ತೀರಿ ಅದು ಹೇಳಿ.

(ಹನ್ನೊಂದು ನಿಮಿಷ ಯಾರೂ ಉತ್ತರಿಸಲಿಲ್ಲ.)

ಮೋಹನ ಭಾವ: ಅತ್ತೆ, ನಾನು ಎರಡು ಬುಕ್ ಮಾಡಿ ಆಯ್ತು. ನಾಲ್ಕು ದಿನಕ್ಕೆ ಬರುತ್ತೆ.

ಕಾವ್ಯ: ಅಪ್ಪಾ! ಕ್ಯಾಶ್ ಆನ್ ಡೆಲಿವರಿ ತಾನೇ?

ಮೋಹನ ಭಾವ: ಮುಂಗಡ ಪೂರ್ತಿ ಕಟ್ಟಿದರೆ 100 ರೂಪಾಯಿ ಕಮ್ಮಿ ಅಂತ ಇತ್ತು.

ದೊಡ್ಡಪ್ಪ: ಒಳ್ಳೇದು ಮೋಹನ. ಕಂಬ ನೆಡೋಕೆ ಗುಂಡಿ ದಿನೇಶ ತೋಡಲಿ.