ಶೇಕಡಾ ಬಿಡಿ, ಒತ್ತಡ ಹೇಳಿ

ಪ್ರಸಾದ ಭಾವ: [ಫಾರ್ವರ್ಡ್] ಮಂಗಳ ಗ್ರಹದ ಮನೆಗೆ ಭೂಮಿಯ ಅರ್ಧ ಒತ್ತಡ, ಶೇ. 21 ಆಮ್ಲಜನಕ ಸಾಕು. ಇಲ್ಲಿನ ಹಾಗೆಯೇ ಉಸಿರಾಡಬಹುದು!

ಸವಿತಕ್ಕ: ಭಾವ, ಇದು ತಪ್ಪು. ಶ್ವಾಸಕೋಶಕ್ಕೆ ಶೇಕಡಾ ಗೊತ್ತಾಗುದಿಲ್ಲ, ಆಮ್ಲಜನಕದ ಪಾಲಿನ ಒತ್ತಡ ಮಾತ್ರ ಗೊತ್ತಾಗುದು. ಇಲ್ಲಿ ಒಟ್ಟು 101 ಕಿಲೋಪಾಸ್ಕಲ್, ಆಮ್ಲಜನಕದ್ದು 21. ಅರ್ಧ ಮಾಡಿದರೆ ಹತ್ತೂವರೆ. ಅದು 5,500 ಮೀಟರ್ ಎತ್ತರದ ಗಾಳಿ, ಎವರೆಸ್ಟ್ ಬೇಸ್ ಕ್ಯಾಂಪಿಗಿಂತಲೂ ಮೇಲೆ. ಕಡಲತೀರದ ಕುಂಬಳೆ ಊರಿನವರನ್ನು ನೇರ ಅಲ್ಲಿ ಇಳಿಸಿದರೆ ಮೊದಲ ರಾತ್ರಿಯೇ ತಲೆನೋವು, ವಾಂತಿ.

ಗೋಪಾಲ ಮಾವ: ಮತ್ತೆ ಅರ್ಧ ಯಾಕೆ? ಬಾಹ್ಯಾಕಾಶ ನಿಲ್ದಾಣದ ಹಾಗೆ ಪೂರ್ತಿ 101 ಇಟ್ಟರಾಯ್ತಲ್ಲ.

ಸವಿತಕ್ಕ: ಹೊರಗೆ ಹೋಗುವಾಗ ಪಂಚಾತಿಕೆ ಉಂಟು ಮಾವ. ನಾಸಾದ ಸ್ಪೇಸ್‌ಸೂಟಿನೊಳಗೆ ಶುದ್ಧ ಆಮ್ಲಜನಕ, ಒತ್ತಡ 29.6 ಕಿಲೋಪಾಸ್ಕಲ್ ಮಾತ್ರ. ಒತ್ತಡ ಏರಿಸಿದರೆ ಗ್ಲೌಸ್ ಬಿಗಿದು ಬೆರಳು ಮಡಚ್ಲಿಕ್ಕೆ ಆಗುದಿಲ್ಲ. 101ರ ಮನೆಯಲ್ಲಿ ಇದ್ದವರ ಮೈಯಲ್ಲಿ 80ರಷ್ಟು ಒತ್ತಡದ ಸಾರಜನಕ ಕರಗಿರ್ತದೆ. ಒಮ್ಮೆಲೇ ಸೂಟಿಗೆ ಇಳಿದರೆ ಗೋಲಿ ಸೋಡಾ ಒಡೆದ ಹಾಗೆ ಗುಳ್ಳೆ, ಕೀಲುನೋವು. ತಪ್ಪಿಸಲಿಕ್ಕೆ ಗಂಟೆಗಟ್ಟಲೆ ಶುದ್ಧ ಆಮ್ಲಜನಕ ಎಳೆದುಕೊಂಡು ಕೂರಬೇಕು. ದಿನಾ ಹೊರಗೆ ಕೆಲಸ ಇರುವವರಿಗೆ ಇದು ಆಗುವ ಮಾತಾ? ಅದಕ್ಕೇ ನಾಸಾ ಮನೆಯೊಳಗೆ ಒಟ್ಟು ಒತ್ತಡ 56.5, ಆಮ್ಲಜನಕ ಶೇ. 34 ಅಂತ ಲೆಕ್ಕ ಹಾಕಿದ್ದು. ಸಾರಜನಕ 37ಕ್ಕೆ ಇಳೀತದೆ, ಉಸಿರಾಟ ಮಡಿಕೇರಿಯಲ್ಲಿ ಇದ್ದ ಹಾಗೆ.

ಪ್ರಸಾದ ಭಾವ: ಹಾಗಾದರೆ ಸಾರಜನಕವೇ ಬೇಡ. ಅಪೊಲೊದವರು 34ರ ಒತ್ತಡದಲ್ಲಿ, ಶುದ್ಧ ಆಮ್ಲಜನಕದಲ್ಲೇ ಚಂದ್ರನಿಗೆ ಹೋಗಿ ಬರಲಿಲ್ವಾ?

ಗೋಪಾಲ ಮಾವ: 1967ರ ಜನವರಿ 27 ಮರ್ತುಹೋಯ್ತಾ ಪ್ರಸಾದ? ಅಪೊಲೊ 1 ನೆಲದ ಮೇಲೆಯೇ ಇತ್ತು. ಒಳಗೆ ಶುದ್ಧ ಆಮ್ಲಜನಕ, ಹೊರಗಿನ ಗಾಳಿಗಿಂತ ತುಸು ಹೆಚ್ಚು ಒತ್ತಡ. ಬೆಂಕಿ ಹತ್ತಿದ್ದೇ ಮೂವರೂ ಹೋದರು. ಆಮೇಲೆ ಉಡಾವಣೆಯ ಹೊತ್ತಿಗೆ ಶೇ. 60 ಆಮ್ಲಜನಕ, 40 ಸಾರಜನಕ ಮಾಡಿದ್ದು.

ಸವಿತಕ್ಕ: ಹೌದು, ಬೆಂಕಿ ಮಾತ್ರ ಶೇಕಡಾವನ್ನೂ ನೋಡ್ತದೆ. ಉರಿಯ ಬಿಸಿಯನ್ನು ಹೀರುವ ಸಾರಜನಕ ಕಡಿಮೆಯಾದರೆ ಬಟ್ಟೆಯ ಮೇಲೆ ಕಿಚ್ಚು ಓಡ್ತದೆ. ನಮ್ಮಲ್ಲಿ ಸುರಂಗ ತೋಡುವವರು ಗಾಳಿ ಸಾಕಾ ಅಂತ ನೋಡ್ಲಿಕ್ಕೆ ಇಡುವ ಮೇಣದಬತ್ತಿ ಶೇ. 16-17ಕ್ಕೆ ಆರ್ತದೆ. ಶೇ. 34ರ ಕೋಣೆಯಲ್ಲಿ ಅದನ್ನು ಹಚ್ಚುವ ಯೋಚನೆಯೇ ಬೇಡ.

ನಿಖಿಲ್: ಸಾರಜನಕ ಅಲ್ಲಿಯೇ ಸಿಗ್ತದಲ್ಲ. ಮಂಗಳನ ಗಾಳಿಯ ಶೇ. 95 ಇಂಗಾಲದ ಡೈಆಕ್ಸೈಡ್. ಅದನ್ನು ತಣಿಸಿ ಗಟ್ಟಿ ಮಾಡಿ ತೆಗೆದರೆ ಸಾರಜನಕ, ಆರ್ಗಾನ್ ಉಳೀತದೆ. ಹಾಗೇ ತುಂಬಿಸುವುದು.

ಪ್ರಸಾದ ಭಾವ: ಮಾಣಿ, ಸಾವು ಇರುದೇ ಅದರಲ್ಲಿ. ಅಲ್ಲಿನ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 0.06ರಷ್ಟು ಉಂಟು. ಆ ಚಳಿಗೆ ಅದು ಗಟ್ಟಿಯಾಗುದಿಲ್ಲ. ನೂರು ಪಾಲು ಗಾಳಿ ಐದಕ್ಕೆ ಇಳಿದಾಗ ಅದು ಶೇ. 1 ದಾಟ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತೇವ ಪೂರಾ ತೆಗೆದು, ಸ್ವಲ್ಪ ಆಮ್ಲಜನಕ ಸೇರಿಸಿ ಹಾಪ್ಕಲೈಟ್ ಮೇಲೆ ಹಾಯಿಸಬೇಕು. ಅದು ಮ್ಯಾಂಗನೀಸ್, ತಾಮ್ರದ ಆಕ್ಸೈಡುಗಳ ಹರಳು. ತೇವ ತಾಗಿದರೆ ಕೆಲಸ ನಿಲ್ಲಿಸ್ತದೆ.

ಸವಿತಕ್ಕ: ಉಳಿದದ್ದರಲ್ಲಿ ಐದಕ್ಕೆ ಎರಡು ಪಾಲು ಆರ್ಗಾನ್. ಕೊಬ್ಬಿನಲ್ಲಿ ಸಾರಜನಕಕ್ಕಿಂತ ಹೆಚ್ಚು ಕರಗ್ತದೆ. ಪುನಃ ಗುಳ್ಳೆಯ ಕತೆ.

ನಿಖಿಲ್: ಆಮ್ಲಜನಕಕ್ಕಾದರೂ ಮಾಕ್ಸಿ ಉಂಟಲ್ಲ, ಮಂಗಳನ ಗಾಳಿಯಿಂದಲೇ ಆಮ್ಲಜನಕ ಮಾಡಿದ ನಾಸಾದ ಯಂತ್ರ?

ಪ್ರಸಾದ ಭಾವ: ಉಂಟು. 2021ರಿಂದ 2023ರೊಳಗೆ 16 ಸಲ ಓಡಿ ಒಟ್ಟು 122 ಗ್ರಾಂ. ಒಬ್ಬನಿಗೆ ದಿನಕ್ಕೆ ಬೇಕಾದ್ದು 840 ಗ್ರಾಂ.

ಗೋಪಾಲ ಮಾವ: 56ರ ಒತ್ತಡದಲ್ಲಿ ನೀರು 84 ಡಿಗ್ರಿಗೇ ಕುದೀತದೆ. ಕುಚ್ಚಲಕ್ಕಿ ಬೇಯುದು ಯಾವಾಗ?

ನಿಖಿಲ್: ಕುಕ್ಕರಿನಲ್ಲಿ 113ರವರೆಗೆ ಏರ್ತದೆ ಮಾವ. ಗ್ಯಾಸ್ ಒಲೆ ಮಾತ್ರ ಇಲ್ಲ, ಕರೆಂಟಿನದ್ದೇ.